67 ಗೋಲುಗಳ ಸ್ಟಾರ್ಕ್

ಪ್ರಶ್ನೆ: ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಡಿಕ್ಸಿ ಡೀನ್ ಒಂದು ಋತುವಿನಲ್ಲಿ 60 ಗೋಲು ಹೊಡೆಯುವ ಮೊದಲೇ ಅಮೆರಿಕದಲ್ಲಿ ಒಬ್ಬರು ಒಂದೇ ಋತುವಿನಲ್ಲಿ 67 ಹೊಡೆದಿದ್ದರಂತೆ. ಯಾರವರು? ಅಲ್ಲಿನ ಲೀಗ್ ಅಷ್ಟು ಸುಲಭವಿತ್ತೇ?

ಉತ್ತರ: ಆರ್ಚಿ ಸ್ಟಾರ್ಕ್. 1897ರಲ್ಲಿ ಗ್ಲಾಸ್ಗೊದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮನೆಯವರ ಜೊತೆ ನ್ಯೂಜೆರ್ಸಿಯ ಕಾರ್ನಿಗೆ ಬಂದವರು. ನೂಲಿನ ಗಿರಣಿಯ ಸ್ಕಾಟಿಷ್ ಕಾರ್ಮಿಕರು ನೆಲೆಸಿದ್ದ ಊರದು. ಫುಟ್‌ಬಾಲ್ ಅಲ್ಲಿ ಬೀದಿಬೀದಿಯ ಆಟ. ನ್ಯೂಯಾರ್ಕ್ ಫೀಲ್ಡ್ ಕ್ಲಬ್ಬಿಗೆ ಆಡಿ, 1924ರಲ್ಲಿ ಉಕ್ಕಿನ ಕಂಪನಿಯೊಂದರ ತಂಡವಾದ ಬೆತ್ಲೆಹೆಮ್ ಸ್ಟೀಲ್ ಸೇರಿದರು. ಅಂಚಿನಲ್ಲಿ ಓಡುತ್ತಿದ್ದವರನ್ನು ಸೆಂಟರ್ ಫಾರ್ವರ್ಡ್ (ನಡುವಿನ ಮುಂಚೂಣಿ ಆಟಗಾರ) ಮಾಡಿದ್ದೇ ತಿರುವು: 1924-25ರ ಲೀಗ್‌ನಲ್ಲಿ 67 ಗೋಲು.

ಸುಲಭ ಎನ್ನಲಾಗದು. ಫಾರ್ವರ್ಡ್‌ಗಳು ಎದುರಾಳಿಯ ಗೋಲಿನ ಬಳಿಯೇ ಕಾದು ನಿಲ್ಲದಂತೆ ತಡೆಯುವ ಆಫ್‌ಸೈಡ್ ನಿಯಮ ಸಡಿಲವಾದದ್ದು 1925ರ ಬೇಸಿಗೆಯಲ್ಲಿ. ಅದಕ್ಕೂ ಮುನ್ನ, ಚೆಂಡು ಪಾಸ್ ಆಗುವಾಗ ಫಾರ್ವರ್ಡ್ ಮತ್ತು ಗೋಲು ಗೆರೆಯ ನಡುವೆ ಎದುರಾಳಿಗಳು ಮೂವರಿರಬೇಕಿತ್ತು. ನಂತರ ಇಬ್ಬರು ಸಾಕಾಯಿತು. ಹಳೆಯ ನಿಯಮದಲ್ಲಿ ಒಬ್ಬ ಫುಲ್‌ಬ್ಯಾಕ್ (ಹಿಂಬದಿಯ ರಕ್ಷಣಾ ಆಟಗಾರ) ಮುಂದೆ ಸರಿದರೂ ಫಾರ್ವರ್ಡ್ ಆಫ್‌ಸೈಡ್‌ನಲ್ಲಿ ಸಿಕ್ಕಿಬೀಳುತ್ತಿದ್ದ. ಡೀನ್ ಅವರ 60 ಬಂದದ್ದು 1927-28ರಲ್ಲಿ, ಹೊಸ ನಿಯಮದಡಿ. ಇದನ್ನು ಮರೆತು ಹೋಲಿಸಿದರೆ ಸ್ಟಾರ್ಕ್‌ಗೆ ಅನ್ಯಾಯ.

ಅಮೆರಿಕ ತಂಡಕ್ಕೆ ಆಡಿದ್ದು ಎರಡೇ ಪಂದ್ಯ, ಎರಡೂ 1925ರಲ್ಲಿ ಕೆನಡಾ ವಿರುದ್ಧ. 1930ರ ವಿಶ್ವಕಪ್‌ಗೆ ಕರೆ ಬಂದರೂ ಸ್ವಂತ ವ್ಯಾಪಾರ ಶುರುಮಾಡುವುದಿತ್ತೆಂದು ಉರುಗ್ವೆಗೆ ಹೋಗಲಿಲ್ಲ.