ಬೀಗ ರಿಪೇರಿಗೆ ಪೊಲೀಸ್ ಲೈಸೆನ್ಸ್ ಬೇಕಾ?

ಪ್ರಶ್ನೆ: ಬೀಗ ರಿಪೇರಿ, ಡೂಪ್ಲಿಕೇಟ್ ಕೀ ಮಾಡುವ ಕೆಲಸ ಕಲಿತಿದ್ದೇನೆ. ತುಮಕೂರಿನಲ್ಲಿ ರಸ್ತೆ ಬದಿ ಪೆಟ್ಟಿಗೆ ಅಂಗಡಿ ಹಾಕುವ ಯೋಚನೆ ಇದೆ. ಲೈಸೆನ್ಸ್ ಇಲ್ಲದೆ ಬೀಗ ತೆಗೆದರೆ ಪೊಲೀಸರು ಹಿಡಿಯುತ್ತಾರೆ ಎಂದು ಒಂದು ವಿಡಿಯೋದಲ್ಲಿ ಹೇಳಿದ್ದರು. ನಿಜವೇ?

ಉತ್ತರ: ನೀವು ನೋಡಿದ್ದು ಅಮೆರಿಕದ ವಿಷಯ ಇರಬೇಕು. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಬೀಗದ ಕೆಲಸಕ್ಕೇ ಅಂತ ಲೈಸೆನ್ಸ್ ಇದೆ. ನಮ್ಮಲ್ಲಿ ಅಂಥದ್ದಿಲ್ಲ. ಮಳಿಗೆ ಹಿಡಿದರೆ ಪಾಲಿಕೆಯ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯ ನೋಂದಣಿ ನೋಡಿಕೊಳ್ಳಬೇಕು. ರಸ್ತೆ ಬದಿಯಾದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ನಿಮಗೂ ಅನ್ವಯಿಸುತ್ತದೆ. ಸಾಮಾನು ಮಾರುವವರಷ್ಟೇ ಅಲ್ಲ, ಬೀದಿಯಲ್ಲಿ ಕೆಲಸ ಮಾಡಿಕೊಡುವವರೂ ಅದರಲ್ಲಿ ಬರುತ್ತಾರೆ. ಪಾಲಿಕೆಯಲ್ಲಿ ವಿಚಾರಿಸಿ, ವ್ಯಾಪಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೀಗ ಮಾಡುವವರೂ ಇದ್ದಾರೆ. ಗುರುತಿನ ಚೀಟಿ, ದಿನಕ್ಕೆ 500 ರೂಪಾಯಿ ಭತ್ಯೆಯೊಂದಿಗೆ ತರಬೇತಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಸಿಗುತ್ತದೆ. ಮೊದಲ ಕಂತಿನಲ್ಲಿ ಶೇ 5ರ ಬಡ್ಡಿಗೆ 1 ಲಕ್ಷದವರೆಗೆ ಸಾಲವೂ ಉಂಟು. ಆದರೆ ಮನೆಯಲ್ಲಿ ಒಬ್ಬರಿಗೆ ಮಾತ್ರ. ಮುದ್ರಾ ಅಥವಾ ಸ್ವನಿಧಿ ಸಾಲ ಬಾಕಿ ಇದ್ದರೆ ಅದನ್ನು ತೀರಿಸಿಕೊಂಡೇ ಹೋಗಿ. ಅರ್ಜಿ ಸಿಎಸ್‌ಸಿ (ಸಾಮಾನ್ಯ ಸೇವಾ) ಕೇಂದ್ರದಲ್ಲಿ.

ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಸುಮ್ನೆ ಇರೋ ಹಾಗಿಲ್ಲ. ಬೇರೆಯವರ ಮನೆಗೆ ಅಕ್ರಮವಾಗಿ ನುಗ್ಗಲು ಬೀಗ ತೆಗೆದರೆ ಕಾನೂನಿನಲ್ಲಿ ಅದು ಮನೆಗೆ ಕನ್ನ ಹಾಕಿದ ಲೆಕ್ಕವೇ. ಬೀಗ ಒಡೆಯದೆ ಕೀ ಹಾಕಿ ತೆಗೆದರೂ ಅಷ್ಟೇ. ಗೊತ್ತಿದ್ದೂ ನೆರವಾದರೆ ನಿಮ್ಮ ಮೇಲೂ ಕೇಸು. ಹಾಗಾಗಿ ಒಂದು ಲಾಂಗ್ ನೋಟ್‌ಬುಕ್ ಇಡಿ. ತಾರೀಕು, ಹೆಸರು, ಮೊಬೈಲ್ ನಂಬರ್, ತೆಗೆದ ಬೀಗ ಯಾವುದು, ಕರೆದವರ ಸಹಿ. ಬೈಕ್, ಕಾರಿನ ಕೀ ಆದರೆ ಆರ್‌ಸಿ ನೋಡದೆ ಕೈ ಹಾಕಬೇಡಿ. ಮನೆ ಬೀಗವಾದರೆ ಆಧಾರ್ ನೋಡಿ, ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿ. ಸೋಪಿನ ಮೇಲೆ ಕೀ ಅಚ್ಚು ಒತ್ತಿಕೊಂಡು ಬಂದವರನ್ನು ಅಲ್ಲಿಂದಲೇ ವಾಪಸ್ ಕಳಿಸಿ. ಅಸಲಿ ಕೀ ಕೈಯಲ್ಲಿದ್ದರೆ ಸೋಪು ಯಾಕೆ ಬೇಕು, ಅಲ್ವಾ?

ಜಾಸ್ತಿ ಪೇಚಿಗೆ ಸಿಗುವುದು ಬಾಡಿಗೆ ಮನೆ ವಿಷಯದಲ್ಲಿ. "ಮನೆ ನಂದೇ, ಬಾಡಿಗೆಯವನು ದುಡ್ಡು ಕೊಟ್ಟಿಲ್ಲ, ಬೀಗ ತೆಗಿ" ಎಂದು ಮಾಲೀಕರೇ ಬರುತ್ತಾರೆ. ಮನೆ ಪತ್ರ ತೋರಿಸಿದರೂ ಒಪ್ಪಬೇಡಿ. ಬಾಡಿಗೆದಾರರು ಎದುರಿಗಿದ್ದು ಒಪ್ಪಬೇಕು, ಇಲ್ಲವೇ ಕೋರ್ಟ್ ಆದೇಶದೊಂದಿಗೆ ಅಮೀನರು (ಆದೇಶ ಜಾರಿ ಮಾಡುವ ಕೋರ್ಟ್ ಸಿಬ್ಬಂದಿ) ಬಂದಿರಬೇಕು.