35ಕ್ಕೆ ಡಾಕ್ಟರ್ ಆಗುವ ಆಸೆ: ಆ ಸಮಾವೇಶಕ್ಕೆ ಹೋಗಲೇ, ಬೇಡವೇ?

ಪ್ರಶ್ನೆ: ಮೇಡಂ, ನಾನು ಕಾಸರಗೋಡಿನ ನೀರ್ಚಾಲಿನವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ಎಂ.ಎಸ್. ಮಾಡಿ, ಅಲ್ಲೇ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವಯಸ್ಸು 35. ಆರು ವರ್ಷದ ಮಗಳಿದ್ದಾಳೆ. ಗ್ರೀನ್ ಕಾರ್ಡ್ ಬಂದಿದೆ. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಕೇರಳ–ಕರ್ನಾಟಕ ಗಡಿ ಮುಚ್ಚಿದಾಗ ನನ್ನ ಅಪ್ಪನಿಗೆ ಮಂಗಳೂರಿನಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತಿತ್ತು. ಎರಡು ಸರದಿ ತಪ್ಪಿತು. ಆಮೇಲೆ ಕಾಞಂಗಾಡು ಕಡೆ ಜಾಗ ಸಿಕ್ಕಿತು. ಆ ದಿನಗಳಲ್ಲಿ ನಾನು ಅಲ್ಲಿಂದ ರಾತ್ರಿಯಿಡೀ ಫೋನಿನಲ್ಲೇ ಇದ್ದೆ. ಕಿಡ್ನಿ, ಪೊಟ್ಯಾಸಿಯಂ ಅಂತ ಸಿಕ್ಕಿದ್ದೆಲ್ಲ ಓದಿದೆ. ಓದುವುದು ಇನ್ನೂ ನಿಂತಿಲ್ಲ. ಕಳೆದ ವರ್ಷ ಅಪ್ಪ ಹೋದರು. ಈಗ ಅಮ್ಮನ ಜೊತೆ ಇರಲು ಆರು ವಾರದ ರಜೆಯಲ್ಲಿ ಊರಿಗೆ ಬಂದಿದ್ದೇನೆ.

ನನಗೆ ಡಾಕ್ಟರ್ ಆಗಬೇಕು. ಬೇರೆ ಕೆಲಸ ಮಾಡಿ ತಡವಾಗಿ ಮೆಡಿಕಲ್ ಓದಲು ಹೊರಟವರಿಗೆ ಅಮೆರಿಕದಲ್ಲಿ ನಾನ್ ಟ್ರೆಡಿಷನಲ್ ಪ್ರೀಮೆಡ್ ಅನ್ನುತ್ತಾರೆ. ಅಂಥವರಿಗೆಂದೇ ಒಂದು ವಾರ್ಷಿಕ ಸಮಾವೇಶ ನಡೆಯುತ್ತದೆ. ಎರಡೂವರೆ ದಿನ. ಅಡ್ಮಿಷನ್ ಅಧಿಕಾರಿಗಳ ಮಾತು, ಅಣಕು ಇಂಟರ್‌ವ್ಯೂ, ಪ್ರಬಂಧ ತಿದ್ದುವ ಕ್ಲಾಸ್, ಈಗಾಗಲೇ ಸೀಟು ಸಿಕ್ಕಿದವರ ಜೊತೆ ಊಟ ಇದೆ. ವಿಮಾನ, ಹೋಟೆಲು, ಫೀಸು ಸೇರಿ 1,400 ಡಾಲರ್ ಆಗುತ್ತದೆ. ಮುಂದಿನ ತಿಂಗಳೊಳಗೆ ಹೆಸರು ಕೊಡಬೇಕು. ನಾನಿನ್ನೂ ಒಂದು ಕೋರ್ಸನ್ನೂ ಶುರು ಮಾಡಿಲ್ಲ. ಗಂಡ ಬೇಡ ಅನ್ನುವುದಿಲ್ಲ, ಹೋಗು ಅಂತಲೂ ಅನ್ನುವುದಿಲ್ಲ. ಅಮ್ಮ ‘ಈ ವಯಸ್ಸಿಗೆ ಇದೆಲ್ಲ ಎಂತಕ್ಕೆ?’ ಅನ್ನುತ್ತಾರೆ. ಹೋಗಲೇ? – ಹೆಸರು ಬೇಡ, ನೀರ್ಚಾಲು

ಉತ್ತರ: ಹೋಗಿ. ಈ ವರ್ಷವೇ ಹೋಗಿ. ಆದರೆ ಹೆಸರು ಕೊಡುವ ಮೊದಲು ಊರಿನಲ್ಲಿ ಮಾಡಬೇಕಾದ ಒಂದು ಕೆಲಸ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನನ್ನದೊಂದು ವಿಷಯ. ನಾನು ಕೆಮಿಸ್ಟ್ರಿ ಪಾಠ ಮಾಡಿದವಳು. 1991ರಲ್ಲಿ ಮೈಸೂರಿನಲ್ಲಿ ಕೆಮಿಸ್ಟ್ರಿ ಅಧ್ಯಾಪಕರ ಶಿಬಿರ ಇತ್ತು. ಹೋಗಲು ಒಪ್ಪಿಗೆಯೂ ಸಿಕ್ಕಿತ್ತು. ಮಗನಿಗೆ ಎರಡು ವರ್ಷ. ಹೊರಡುವ ಹಿಂದಿನ ದಿನ ಅವನಿಗೆ ಜ್ವರ ಬಂತು. ಜ್ವರ ಅಷ್ಟೇನೂ ಜೋರಿರಲಿಲ್ಲ, ಮನೆಯಲ್ಲಿ ನೋಡಿಕೊಳ್ಳುವವರೂ ಇದ್ದರು. ಆದರೂ ನಾನು ಹೋಗಲಿಲ್ಲ. ‘ಅಲ್ಲಿ ಹೇಳುವುದೆಲ್ಲ ಪುಸ್ತಕದಲ್ಲಿ ಇರುತ್ತದೆ’ ಅಂತ ನನಗೆ ನಾನೇ ಹೇಳಿಕೊಂಡೆ. ಎರಡು ವರ್ಷ ಬಿಟ್ಟು ಮತ್ತೆ ಅವಕಾಶ ಬಂದಾಗ ಹೋದೆ. ವೇದಿಕೆಯ ಮಾತುಗಳಲ್ಲಿ ಹೆಚ್ಚಿನವು ನಿಜವಾಗಿಯೂ ಪುಸ್ತಕದಲ್ಲಿ ಇದ್ದವೇ. ಆದರೆ ಎರಡನೇ ದಿನ ಊಟದ ಸಾಲಿನಲ್ಲಿ ನನ್ನ ಮುಂದೆ ಧಾರವಾಡದ ಒಬ್ಬ ಟೀಚರ್ ನಿಂತಿದ್ದರು. ಮೀಥೇನ್, ಈಥೇನ್‌ಗಳ ಆಕಾರ ನನ್ನ ಮಕ್ಕಳ ತಲೆಗೆ ಹೋಗುತ್ತಿಲ್ಲ ಅಂತ ಅವರ ಹತ್ತಿರ ಹೇಳಿಕೊಂಡೆ. ನೆನೆಸಿದ ಬಟಾಣಿ ಮತ್ತು ಪೊರಕೆ ಕಡ್ಡಿಯಲ್ಲಿ ಅಣುಗಳ ಮಾದರಿ ಮಾಡುವುದನ್ನು ಅವರು ಹೇಳಿಕೊಟ್ಟರು. ಬಟಾಣಿ ಒಣಗಿದ ಹಾಗೆ ಕಡ್ಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಊರಿಗೆ ಬಂದವಳೇ ನಮ್ಮ ಹಿಡಿಸೂಡಿಯಿಂದ ಕಡ್ಡಿ ಕಿತ್ತೆ. ರಿಟೈರ್ ಆಗುವವರೆಗೂ ಹಾಗೆಯೇ ಪಾಠ ಮಾಡಿದೆ. ಹೋಗದೆ ಬಿಟ್ಟ ಆ ವರ್ಷ ನನಗೆ ಏನು ತಪ್ಪಿತೋ ಅಂತ ಇವತ್ತಿಗೂ ಒಮ್ಮೊಮ್ಮೆ ಅನ್ನಿಸುತ್ತದೆ.

ಆ ಸಾಲಿನಲ್ಲಿ ನನ್ನ ಹತ್ತಿರ ಒಂದು ಪ್ರಶ್ನೆ ಇತ್ತು. ಅದಕ್ಕೇ ಉತ್ತರ ಸಿಕ್ಕಿತು. ನಿಮ್ಮ ವಿಷಯದಲ್ಲೂ ನಾನು ನೋಡುವುದು ಇದನ್ನೇ. ಒಂದು ಕೋರ್ಸೂ ಶುರು ಮಾಡಿಲ್ಲ, ಈಗಲೇ ಹೋಗುವುದು ಬೇಗ ಆಯಿತೇನೋ ಅನ್ನುವ ಹೆದರಿಕೆ ನಿಮಗಿದೆ ಅಲ್ವಾ? ನನ್ನ ಪ್ರಕಾರ ಇದೇ ಸರಿಯಾದ ಹೊತ್ತು. ಜಾಸ್ತಿ ದುಡ್ಡು ಮತ್ತು ವರ್ಷ ತಿನ್ನುವ ತೀರ್ಮಾನಗಳೆಲ್ಲ ಶುರುವಿನಲ್ಲೇ ಬರುತ್ತವೆ. ಕೋರ್ಸ್ ಎಲ್ಲಿ ಮಾಡುವುದು ಅನ್ನುವುದು ಅದರಲ್ಲಿ ಮೊದಲನೆಯದು. ಅದನ್ನು ತಪ್ಪು ಮಾಡಿಕೊಂಡು ಎರಡು ವರ್ಷ ಬಿಟ್ಟು ಅಲ್ಲಿಗೆ ಹೋದರೆ, ಮೊದಲೇ ಬರಬೇಕಿತ್ತು ಅನ್ನಿಸುತ್ತದೆ.

ಆ ಕೋರ್ಸುಗಳ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದಲ್ಲಿ ಮೆಡಿಕಲ್ ಸ್ಕೂಲಿಗೆ ಡಿಗ್ರಿ ಮುಗಿಸಿದ ಮೇಲೆ ಹೋಗುವುದು. ಅದಕ್ಕೆ ಮೊದಲು ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಎಲ್ಲ ಲ್ಯಾಬ್ ಸಮೇತ ಆಗಿರಬೇಕು. ಈಗ ಹಲವು ಕಡೆ ಬಯೋಕೆಮಿಸ್ಟ್ರಿಯೂ ಬೇಕು. ನೀವು ಮಂಗಳೂರಿನಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ ಓದಿದ ಫಿಸಿಕ್ಸ್, ಕೆಮಿಸ್ಟ್ರಿ ಅಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಅಲ್ಲಿನ ಮುಖ್ಯ ಅರ್ಜಿ ವ್ಯವಸ್ಥೆ ಹೊರದೇಶದ ಕಾಲೇಜಿನ ಅಂಕಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಹಳಷ್ಟು ಸ್ಕೂಲುಗಳು ಈ ವಿಷಯಗಳನ್ನು ಅಮೆರಿಕದಲ್ಲೇ ಓದಿರಬೇಕು ಅನ್ನುತ್ತವೆ. ನಿಮ್ಮ ಎಂ.ಎಸ್. ಅಲ್ಲಿನದು, ಅದು ಒಳ್ಳೆಯದೇ. ಆದರೆ ಆ ಅಂಕವನ್ನು ಬೇರೆಯಾಗಿ ನೋಡುತ್ತಾರೆ. ಡಿಗ್ರಿ ಮಟ್ಟದ ಅಂಕವನ್ನು ನೀವು ಹೊಸದಾಗಿ ಕಟ್ಟಬೇಕು. ಸಂಜೆ ಹೊತ್ತು ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿದರೆ ಫೀಸು ಕಡಿಮೆ, ಕೆಲಸವೂ ಉಳಿಯುತ್ತದೆ. ಕೆಲವು ಮೆಡಿಕಲ್ ಸ್ಕೂಲುಗಳು ಅದನ್ನು ಸಂತೋಷದಿಂದ ಒಪ್ಪುತ್ತವೆ. ಕೆಲವು ನಾಲ್ಕು ವರ್ಷದ ಕಾಲೇಜೇ ಆಗಬೇಕು ಅನ್ನುತ್ತವೆ. ಅಮೆರಿಕದಲ್ಲಿ ನೀವಿರುವ ರಾಜ್ಯದ ಸ್ಕೂಲು ಏನನ್ನುತ್ತದೆ? ಸಮಾವೇಶದಲ್ಲಿ ಅಡ್ಮಿಷನ್ ಅಧಿಕಾರಿ ಎದುರು ಸಿಕ್ಕಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು. ನಿಮ್ಮ ಮಾರ್ಕ್ಸ್ ಕಾರ್ಡುಗಳ ಪ್ರತಿಯನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ‘ಇದು ನನ್ನದು, ನಾನೇನು ಮಾಡಲಿ?’ ಅಂತ ತೋರಿಸಿ ಕೇಳಿ. ಸುಮ್ನೆ ‘ನನ್ನಂಥವರಿಗೆ ಸೀಟು ಸಿಗುತ್ತದಾ?’ ಅಂತ ಕೇಳಿದರೆ ‘ಖಂಡಿತ ಪ್ರಯತ್ನ ಮಾಡಿ’ ಅನ್ನುತ್ತಾರೆ. ಆ ಮಾತಿಗಾಗಿ ವಿಮಾನ ಹತ್ತಬೇಕಾಗಿಲ್ಲ.

ಗ್ರೀನ್ ಕಾರ್ಡ್ ಇರುವುದು ನಿಮ್ಮ ಅದೃಷ್ಟ. ವೀಸಾದಲ್ಲಿ ಇರುವವರನ್ನು ತೆಗೆದುಕೊಳ್ಳುವ ಸ್ಕೂಲುಗಳು ಅಲ್ಲಿ ಕಡಿಮೆ.

ಅಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನ ಪುಸ್ತಕ ನೀವು ಈಗಲೇ ತರಿಸಿದ್ದೀರೋ ಏನೋ. 472ರಿಂದ 528ರವರೆಗೆ ಅಂಕ, ಒಟ್ಟು ಏಳೂವರೆ ಗಂಟೆಯ ದಿನ. ಕೋರ್ಸ್ ಮುಗಿಯುವ ತನಕ ಅದರ ಚಿಂತೆ ಬೇಡ. ಅಂಕಕ್ಕೆ ಎರಡು ಮೂರು ವರ್ಷದ ಆಯುಸ್ಸು ಮಾತ್ರ. ಮೊದಲೇ ಬರೆದರೆ ಹಳತಾಗುತ್ತದೆ. ಇನ್ನೊಂದು ಮಾತು. ಅಲ್ಲಿ ಎಂ.ಡಿ. (ನಮ್ಮ ಎಂಬಿಬಿಎಸ್ ಇದ್ದ ಹಾಗೆ, ಡಾಕ್ಟರ್ ಆಗುವ ಮೊದಲ ಪದವಿ) ಜೊತೆಗೆ ಡಿ.ಓ. ಅಂತ ಇನ್ನೊಂದು ಪದವಿಯ ದಾರಿ ಇದೆ. ಅವರೂ ಪೂರ್ತಿ ಡಾಕ್ಟರುಗಳೇ. 2020ರಿಂದ ಇಬ್ಬರಿಗೂ ರೆಸಿಡೆನ್ಸಿಯ, ಅಂದರೆ ಪದವಿ ಆದ ಮೇಲಿನ ಆಸ್ಪತ್ರೆ ತರಬೇತಿಯ, ಮಾನ್ಯತೆ ಒಂದೇ ವ್ಯವಸ್ಥೆಯಡಿ ಬಂದಿದೆ. ಅವರ ಪ್ರತಿನಿಧಿಗಳು ಬಂದಿದ್ದರೆ ತಪ್ಪದೆ ಮಾತಾಡಿ.

ಈಗ ದುಡ್ಡು. 1,400 ಡಾಲರಿನ ಬಗ್ಗೆ ನಿಮಗೆ ನಿದ್ದೆ ಬರುತ್ತಿಲ್ಲ. ಮುಂದಿರುವ ಲೆಕ್ಕ ಅದಕ್ಕಿಂತ ತುಂಬಾ ದೊಡ್ಡದು. 2026ರ ಜುಲೈ 1ರಿಂದ ಅಲ್ಲಿನ ಸರಕಾರಿ ಶಿಕ್ಷಣ ಸಾಲದ ನಿಯಮ ಬದಲಾಗಿದೆ. ಹೊಸದಾಗಿ ಸಾಲ ಪಡೆಯುವ ಮೆಡಿಕಲ್ ವಿದ್ಯಾರ್ಥಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮಿತಿ. ಮೊದಲು ಉಳಿದ ಖರ್ಚಿಗೂ ಸರಕಾರದಿಂದ ಬೇರೆ ಸಾಲ ಸಿಗುತ್ತಿತ್ತು. ಹೊಸಬರಿಗೆ ಅದು ಇಲ್ಲ. ಬಹಳ ಸ್ಕೂಲುಗಳ ಖರ್ಚು ಈ ಮಿತಿಯನ್ನು ದಾಟುತ್ತದೆ. ಹಾಗಾಗಿ ಊಟಕ್ಕೆ ಜೊತೆಗೆ ಕೂತ ಹಿರಿಯ ವಿದ್ಯಾರ್ಥಿ ‘ನಾನು ಸಾಲದಲ್ಲೇ ಓದಿದೆ, ಏನೂ ತೊಂದರೆ ಆಗಲಿಲ್ಲ’ ಅಂದರೆ, ಅದು ಅವರ ಕಾಲದ ಲೆಕ್ಕ ಅಂತ ತಿಳಿಯಿರಿ. ಈ ವಿಷಯವನ್ನು ಸ್ಕೂಲಿನ ಹಣಕಾಸು ವಿಭಾಗದವರನ್ನೇ ಕೇಳಬೇಕು. ನಿಮ್ಮ ಯಜಮಾನರು ಸುಮ್ಮನಿರುವುದು ಈ ಕಾರಣಕ್ಕೂ ಇರಬಹುದು. ಒಂದು ಸಂಜೆ ಕೂತು ಇಬ್ಬರೂ ಒಂದೇ ಕಾಗದದಲ್ಲಿ ಬರೆಯಿರಿ. ಕೋರ್ಸಿಗೆ ಎರಡು ವರ್ಷ, ಪರೀಕ್ಷೆ ಮತ್ತು ಅರ್ಜಿಗೆ ಒಂದು, ಮೆಡಿಕಲ್ ಸ್ಕೂಲು ನಾಲ್ಕು, ರೆಸಿಡೆನ್ಸಿ ಕಡಿಮೆ ಅಂದರೂ ಮೂರು. ನಿಮಗೆ 45, ಮಗಳಿಗೆ 16. ನಮ್ಮೂರಲ್ಲಾದರೆ ಅವಳು ಪ್ಲಸ್ ಒನ್‌ಗೆ ಸೇರುವ ವಯಸ್ಸು. ಯಾವ ವರ್ಷ ಸಂಬಳ ನಿಲ್ಲುತ್ತದೆ, ಯಾವ ವರ್ಷ ಮನೆ ಬದಲಿಸಬೇಕಾಗಬಹುದು ಅಂತ ಪಕ್ಕದಲ್ಲಿ ಗುರುತು ಹಾಕಿ. ಆ ಕಾಗದವನ್ನೂ ಸಮಾವೇಶಕ್ಕೆ ತೆಗೆದುಕೊಂಡು ಹೋಗಿ. ಸಾಧ್ಯವಾದರೆ ಮಕ್ಕಳಿರುವ ಇಬ್ಬರು ವಿದ್ಯಾರ್ಥಿಗಳನ್ನು ಹುಡುಕಿ. ಮಗು ಮಲಗಿದ ಮೇಲೆ ಎಷ್ಟು ಗಂಟೆ ಓದುತ್ತಾರೆ, ರಾತ್ರಿ ಪಾಳಿ ಇದ್ದಾಗ ಮಗುವಿನ ಜೊತೆ ಯಾರಿರುತ್ತಾರೆ ಅಂತ ಕೇಳಿ. ಇದನ್ನು ಅಧಿಕಾರಿಗಳು ಹೇಳಲಾರರು.

ಒಂದು ಎಚ್ಚರಿಕೆ. ಇಂಥ ಕಡೆ ಕೋಚಿಂಗ್ ಮತ್ತು ಸಲಹೆ ಮಾರುವವರೂ ಸಿಗಬಹುದು. ಮನಸ್ಸು ಉಬ್ಬಿರುವಾಗ ಕೈ ಬೇಗ ಪರ್ಸಿಗೆ ಹೋಗುತ್ತದೆ. ಅಲ್ಲಿಂದ ಬಂದು ಎರಡು ವಾರ ಯಾವ ದೊಡ್ಡ ಫೀಸನ್ನೂ ಕಟ್ಟಬೇಡಿ.

ಇನ್ನು ಮೊದಲೇ ಹೇಳಿದ ಕೆಲಸ. ನಿಮ್ಮ ಆಸೆ ಹುಟ್ಟಿದ್ದು ಅಪ್ಪನ ಕಾಯಿಲೆಯಲ್ಲಿ. ಆ ಏಪ್ರಿಲ್ ನನಗೂ ಮರೆತಿಲ್ಲ. ರಸ್ತೆಗೆ ಮಣ್ಣು ಸುರಿದಿದ್ದರು. ಆಂಬುಲೆನ್ಸ್ ಗಡಿಯಲ್ಲಿ ನಿಂತ ಸುದ್ದಿ ದಿನಾ ಬರುತ್ತಿತ್ತು. ನಮ್ಮ ಕಡೆಯ ಜನಕ್ಕೆ ಮಂಗಳೂರು ಅಂದರೆ ಆಸ್ಪತ್ರೆ. ಅದೇ ಬಾಗಿಲು ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ನಿಮ್ಮಂಥ ಮಕ್ಕಳು ಕೈ ಹಿಸುಕಿಕೊಂಡು ಕೂತಿದ್ದರು. ಆದರೆ ಅಪ್ಪನನ್ನು ಉಳಿಸಿಕೊಳ್ಳಬೇಕು ಅನ್ನುವ ಆಸೆ ಒಂದು, ಗುರುತಿಲ್ಲದ ರೋಗಿಯ ಹತ್ತಿರ ದಿನಾ ಇರಬೇಕು ಅನ್ನುವ ಆಸೆ ಇನ್ನೊಂದು. ಎರಡನೆಯದು ನಿಮಗಿದೆಯಾ ಅಂತ ನೋಡಲು ಹೋಟೆಲಿನ ಸಭಾಂಗಣ ಜಾಗವಲ್ಲ. ನೀರ್ಚಾಲು ಜಾಗ.

ಕೇರಳದಲ್ಲಿ 2008ರಲ್ಲೇ ಪಾಲಿಯೇಟಿವ್ ಕೇರ್ (ವಾಸಿಯಾಗದ ಕಾಯಿಲೆ ಇರುವವರ ನೋವು ತಗ್ಗಿಸುವ ಆರೈಕೆ) ನೀತಿ ಬಂದಿದೆ. ಪಂಚಾಯತಿನ ನರ್ಸ್ ಮನೆಮನೆಗೆ ಹೋಗುತ್ತಾರೆ. ಜೊತೆಗೆ ಊರಿನ ಸ್ವಯಂಸೇವಕರೂ ಇರುತ್ತಾರೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ, ಅನುಮತಿ ಪಡೆದು, ನಾಲ್ಕೈದು ದಿನ ಅವರ ಜೀಪಿನಲ್ಲಿ ಹೋಗಿ. ಹುಣ್ಣಾದ ಬೆನ್ನು, ಕೆಥೀಟರ್, ಮೂತ್ರದ ವಾಸನೆ, ಎಂಡೋಸಲ್ಫಾನ್ ಕೀಟನಾಶಕದಿಂದ ನರಳಿದ ಊರುಗಳಲ್ಲಿ ಇಪ್ಪತ್ತು ವರ್ಷದಿಂದ ಒಂದೇ ಕೋಣೆಯಲ್ಲಿ ಮಗನನ್ನು ನೋಡಿಕೊಳ್ಳುತ್ತಿರುವ ತಾಯಿ, ಎಲ್ಲವನ್ನೂ ನೋಡುತ್ತೀರಿ. ನೀವು ಕೈಹಾಕಿ ಚಿಕಿತ್ಸೆ ಏನೂ ಮಾಡಬೇಡಿ. ತರಬೇತಿ ಇಲ್ಲದೆ ಹಾಗೆ ಮಾಡುವುದು ರೋಗಿಗೂ ಒಳ್ಳೆಯದಲ್ಲ. ಅಮೆರಿಕದ ಸ್ಕೂಲುಗಳೂ ಅದನ್ನು ತಪ್ಪು ಅಂತಲೇ ನೋಡುತ್ತವೆ. ಚೀಲ ಹಿಡಿಯಿರಿ, ಜೊತೆಗೆ ಕೂತು ಮಾತಾಡಿ. ಇದು ಅರ್ಜಿಗೆ ಲೆಕ್ಕ ತುಂಬಿಸಲು ಅಲ್ಲ. ಅಲ್ಲಿನ ಆಸ್ಪತ್ರೆಯ ಅನುಭವವನ್ನು ಅಲ್ಲಿಯೇ ಗಳಿಸಬೇಕು. ಐದನೇ ದಿನವೂ ಬೆಳಿಗ್ಗೆ ಜೀಪಿಗೆ ಕಾಯುವ ಮನಸ್ಸು ಇದ್ದರೆ ಅವತ್ತೇ ಹೆಸರು ಕೊಡಿ. ಅಮ್ಮನನ್ನೂ ಒಂದು ದಿನ ಕರೆದುಕೊಂಡು ಹೋಗಿ. ಮಗಳಿಗೆ ‘ಎಂತಕ್ಕೆ’ ಅಂತ ಅವರಿಗೆ ಅಲ್ಲಿ ಗೊತ್ತಾಗಬಹುದು.

ಪ್ರಶ್ನೆ: ನನಗೆ 27. ಬಿ.ಫಾರ್ಮ. ಮುಗಿಸಿ ಮಂಜೇಶ್ವರದಲ್ಲಿ ಔಷಧ ಅಂಗಡಿಯಲ್ಲಿದ್ದೇನೆ. ಪ್ಲಸ್ ಟೂನಲ್ಲಿ ಬಯಾಲಜಿ ಇರಲಿಲ್ಲ, ಕಂಪ್ಯೂಟರ್ ಇತ್ತು. ನೀಟ್ ಬರೆಯಬಹುದೇ? ಕನ್ನಡದಲ್ಲಿ ಬರೆಯುವ ಆಸೆ. – ಓದುಗ, ಮಂಜೇಶ್ವರ

ಉತ್ತರ: ವಯಸ್ಸು ಅಡ್ಡ ಬರುವುದಿಲ್ಲ. ನೀಟ್‌ಗೆ ಇದ್ದ ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದಿದ್ದಾರೆ. ಬಯಾಲಜಿಯದೂ ದಾರಿ ಇದೆ. ಪ್ಲಸ್ ಟೂ ಆದ ಮೇಲೆ ಮಾನ್ಯತೆ ಇರುವ ಬೋರ್ಡಿನಿಂದ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸ್ ಮಾಡಿದವರೂ ಬರೆಯಬಹುದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಹೇಳಿದೆ. ಮೊದಲು ಅದನ್ನು ಮುಗಿಸಿ. 180 ಪ್ರಶ್ನೆಗಳಲ್ಲಿ 90 ಬಯಾಲಜಿಯವೇ, ಹಾಗಾಗಿ ಪಾಸಾಗುವಷ್ಟು ಮಾತ್ರ ಓದಿದರೆ ಸಾಲದು. ನಮ್ಮ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೂ 2025ರಲ್ಲಿ 50 ಸೀಟು ಸಿಕ್ಕಿದೆ. ಕನ್ನಡದ ಪ್ರಶ್ನೆಪತ್ರಿಕೆ ಇದೆ. ಆದರೆ ಅದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಅರ್ಜಿ ತುಂಬುವಾಗ ಹತ್ತಿರ ಅಂತ ಕಾಸರಗೋಡು ಹಾಕಿಬಿಡಬೇಡಿ. ಭಾಷೆ ಕನ್ನಡ ಅಂತ ಕೊಟ್ಟು, ಪರೀಕ್ಷಾ ಕೇಂದ್ರ ಮಂಗಳೂರು ಅಂತ ಆರಿಸಿ.