ಟೆರೇಸ್‌ಗೆ ಕೋಟಿಂಗ್ ಹೊಡೆಸಿದರೆ ಸಾಕೇ?

ಮುಲುಂಡಿನಲ್ಲಿ 30 ವರ್ಷ ದಾಟಿದ ಕಟ್ಟಡ, ನಿಮ್ಮದು ಕೊನೆಯ ಮಹಡಿ, ಹಾಲ್‌ನ ಸ್ಲ್ಯಾಬಿನ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದೆ, ಕಾಂಟ್ರ್ಯಾಕ್ಟರ್ ಮಾತ್ರ ‘ಟೆರೇಸ್‌ಗೆ ನೀರು ತಡೆಯುವ ಕೋಟಿಂಗ್ ಹೊಡೆದರೆ ಮುಗೀತು’ ಅಂತಾರೆ ಎಂದು ಬರೆದಿದ್ದೀರಿ. ಮುಗಿಯುವುದಿಲ್ಲ. ಮುಂಬೈಯಲ್ಲಿ ಕಟ್ಟಡ ರಿಪೇರಿಯೇ ನನ್ನ ಹೊಟ್ಟೆಪಾಡು. ಕೋಟಿಂಗ್ ಬೇಡ ಅನ್ನುತ್ತಿಲ್ಲ, ಅದರ ಸರದಿ ಕೊನೆಗೆ.

ಒಳ್ಳೆಯ ಕಾಂಕ್ರೀಟಿನ ಪಿಎಚ್, ಅಂದರೆ ಕ್ಷಾರದ ಅಳತೆ, 12ರಿಂದ 13. ಈ ಕ್ಷಾರ ಇರುವ ತನಕ ಕಂಬಿಯ ಮೈಮೇಲೊಂದು ತೆಳುಪದರ ನಿಂತು ತುಕ್ಕನ್ನು ತಡೆಯುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿಯುತ್ತಾ ಕ್ಷಾರವನ್ನು ಕುಗ್ಗಿಸುತ್ತದೆ. ಪಿಎಚ್ 9ರ ಆಸುಪಾಸಿಗೆ ಬಂತೆಂದರೆ ಆ ಪದರ ಹೋದ ಹಾಗೆಯೇ. ಸಮುದ್ರದ ಉಪ್ಪು ಸೇರಿದರೆ ಇನ್ನೂ ಬೇಗ. ತುಕ್ಕು ಮೂಲ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ, ಹಾಗಾಗಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಕರಾವಳಿಯ ವಾತಾವರಣಕ್ಕೆ ಕಂಬಿಯ ಮೇಲೆ 45 ಮಿ.ಮೀ. ಕಾಂಕ್ರೀಟ್ ಬೇಕು ಅನ್ನುತ್ತದೆ ಭಾರತದ ಕಾಂಕ್ರೀಟ್ ಮಾನದಂಡ ಐಎಸ್ 456:2000. ಹಳೆಯ ಸ್ಲ್ಯಾಬ್ ಒಡೆದು ನೋಡಿ, ಅದರ ಅರ್ಧ ಸಿಕ್ಕರೂ ಪುಣ್ಯ. ಮೇಲಿನಿಂದ ನೀರು ಸೋರುವುದು ನಿಂತರೂ ಇಲ್ಲಿನ ತೇವದ ಗಾಳಿಗೇ ತುಕ್ಕು ಮುಂದುವರಿಯುತ್ತದೆ.

ಆದ್ದರಿಂದ ಮೊದಲು ಸ್ಟ್ರಕ್ಚರಲ್ ಆಡಿಟ್, ಅಂದರೆ ಇಂಜಿನಿಯರ್ ಮಾಡುವ ಕಟ್ಟಡದ ಬಲದ ತಪಾಸಣೆ. 30 ವರ್ಷ ದಾಟಿದ ಕಟ್ಟಡಕ್ಕೆ ಅದು ಹೇಗೂ ಕಡ್ಡಾಯ. ಫೀನಾಲ್ಫ್ಥಲೀನ್ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ: ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಗುಲಾಬಿಯಾಗುತ್ತದೆ, ಹೋದ ಭಾಗ ಬಣ್ಣ ಹಿಡಿಯುವುದಿಲ್ಲ. ಎಲ್ಲಿಯವರೆಗೆ ಕೆಟ್ಟಿದೆ ಎಂದು ಕಣ್ಣಿಗೇ ಕಾಣುತ್ತದೆ. ಟೆರೇಸಿನ ಮಳೆ ಲೀಕೇಜ್ ರಿಪೇರಿಯ ಖರ್ಚು ಸೊಸೈಟಿಯದ್ದು, ಸೊಸೈಟಿಗಳ ಮಾದರಿ ನಿಯಮಾವಳಿಯಲ್ಲೇ (ಬೈಲಾ) ಇದೆ. ಮೀಟಿಂಗಿನಲ್ಲಿ ಎರಡನೇ ಮಹಡಿಯವರೊಬ್ಬರು ‘ನಮಗೇನೂ ಸೋರುತ್ತಿಲ್ಲವಲ್ಲ’ ಅಂತ ಎದ್ದೇ ಏಳುತ್ತಾರೆ, ಬೈಲಾ ಪುಸ್ತಕ ಕೈಯಲ್ಲಿರಲಿ.

ರಿಪೇರಿಯಲ್ಲಿ ನೀವು ನಿಂತು ನೋಡಬೇಕಾದ್ದು ಒಂದೇ. ಸುತ್ತಿಗೆಯಿಂದ ತಟ್ಟಿ ಟೊಳ್ಳು ಸದ್ದು ಬಂದಷ್ಟನ್ನೂ ಕೆತ್ತಬೇಕು, ಕಂಬಿಯ ಹಿಂಬದಿಯೂ ಬಿಡುವಾಗುವಷ್ಟು. ಕಂಬಿ ಉಜ್ಜಿ, ಸವೆದಿದ್ದರೆ ಇಂಜಿನಿಯರ್ ಹೇಳಿದಂತೆ ಹೊಸದು ಜೋಡಿಸಿ, ತುಕ್ಕುನಿರೋಧಕ ಬಳಿದು, ಪಾಲಿಮರ್ ಬೆರೆಸಿದ ಗಾರೆ (ಪಾಲಿಮರ್ ಮಾರ್ಟರ್) ತುಂಬಬೇಕು. ಉದುರಿದಲ್ಲಿ ಮಾತ್ರ ಗಾರೆ ಮೆತ್ತಿ ಕೆಳಗೆ ಫಾಲ್ಸ್ ಸೀಲಿಂಗ್ ಕಟ್ಟುವವರಿದ್ದಾರೆ. ಅದು ರಿಪೇರಿಯಲ್ಲ, ಪರದೆ.

ಆಮೇಲೆ ಟೆರೇಸ್. ಹಳೆಯ ಬ್ರಿಕ್‌ಬ್ಯಾಟ್ ಕೋಬಾದ (ಇಟ್ಟಿಗೆ ಚೂರು, ಸಿಮೆಂಟಿನ ದಪ್ಪ ಪದರದ) ಮೇಲೆ ಇನ್ನೊಂದು ಕೋಬಾ ಹಾಕಲು ಬಿಡಬೇಡಿ, ಬಳಲಿದ ಸ್ಲ್ಯಾಬಿಗೆ ಅಷ್ಟು ಭಾರ ಸಲ್ಲದು. ಸೋರುವುದು ಹೆಚ್ಚಾಗಿ ನಡುವಿನಲ್ಲಲ್ಲ. ಪ್ಯಾರಾಪೆಟ್ ಗೋಡೆಯ ಬುಡ, ಮಳೆನೀರಿನ ಪೈಪಿನ ಬಾಯಿ, ಯಾರೋ ಡಿಶ್ ಆ್ಯಂಟೆನಾಕ್ಕೆ ಕೊರೆದ ಬೋಲ್ಟಿನ ತೂತು, ಇಂಥ ಕಡೆ. ಇವನ್ನು ಮುಚ್ಚಿ, ನೀರು ಪೈಪಿನತ್ತ ಹರಿಯುವಂತೆ ಇಳಿಜಾರು ಸರಿಮಾಡಿ, ನೀರು ಕಟ್ಟಿ ಎರಡು ದಿನ ಬಿಟ್ಟು ಕೆಳಗೆ ನೋಡಿ. ಸೋರದಿದ್ದರೆ ಚೆನ್ನಾಗಿ ಒಣಗಿದ ಮೇಲೆ ಕೋಟಿಂಗ್. ಏಪ್ರಿಲ್-ಮೇ ಇದಕ್ಕೆ ಸಕಾಲ. ಜೂನ್ ಮಳೆ ಶುರುವಾದ ಮೇಲೆ ಒದ್ದೆ ನೆಲಕ್ಕೆ ಬಳಿದರೆ ಗುಳ್ಳೆ ಎದ್ದು ಕಿತ್ತು ಬರುತ್ತದೆ.

ಪಾರ್ಕಿಂಗ್ ನೆಲದಿಂದ ಸಿಮೆಂಟ್ ಪುಡಿ ಏಳುತ್ತದೆ ಅಂದಿರಲ್ಲ, ಅದು ಸಣ್ಣ ವಿಷಯ. ನೆಲ ಗಟ್ಟಿಯಿದ್ದರೆ ಮೇಲ್ಮೈ ಗಟ್ಟಿಮಾಡುವ ದ್ರವ, ಸಿಲಿಕೇಟ್ ಹಾರ್ಡನರ್ ಉಣಿಸಿ. ಎಪಾಕ್ಸಿ ಬಣ್ಣ ಬೇಡ, ಮಣ್ಣಿನಿಂದ ಏರುವ ತೇವಕ್ಕೆ ಅದೂ ಗುಳ್ಳೆ ಏಳುತ್ತದೆ.